ಗಡ್ಡೆಗೆ ಹೆಸರಿಡುವ ಕಷ್ಟ

ಹುಣಸೆಹಣ್ಣು ಎಂದೊಡನೆ ಬಾಯಲ್ಲಿ ನೀರೂರುತ್ತದೆ. ಆ ನೀರೂರಿಸುವ ಗ್ರಂಥಿಗಳನ್ನು ಮಾತ್ರ ಯಾರೂ ನೆನೆಯುವುದಿಲ್ಲ. ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಜೊಲ್ಲು ಸುರಿಸಿ, ತುತ್ತನ್ನು ನೆನೆಸಿ, ಹಲ್ಲನ್ನು ಕಾದು, ಮಾತನ್ನು ಸರಾಗಗೊಳಿಸುವ ಇವುಗಳ ನೆನಪಾಗುವುದು ಊದಿಕೊಂಡಾಗಲೇ. ಮಕ್ಕಳಿಗೆ ಮಂಗನಬಾವು ಬಂದಾಗ ಕಿವಿಯ ಕೆಳಗೆ ಊದುವುದು ಇವುಗಳಲ್ಲೆಲ್ಲ ದೊಡ್ಡದಾದ ಪೆರೋಟಿಡ್ ಗ್ರಂಥಿ. ಆ ಬಾವು ವಾರ ಹತ್ತು ದಿನಗಳಲ್ಲಿ ತಾನೇ ಇಳಿದುಹೋಗುತ್ತದೆ. ಇಳಿಯದ ಊತವೂ ಒಂದುಂಟು. ಕಿವಿಯ ಮುಂದೋ, ದವಡೆಯ ಕೆಳಗೋ, ಅಂಗುಳಿನಲ್ಲೋ ನೋವಿಲ್ಲದೆ ಹುಟ್ಟಿ, ಅಡಿಕೆಯಷ್ಟಿದ್ದದ್ದು ಕೆಲವು ವರ್ಷಗಳಲ್ಲಿ ನಿಂಬೆಹಣ್ಣಿನಷ್ಟಾಗುವ ಗಡ್ಡೆ.

ಇಂಥ ಗಡ್ಡೆ ತೆಗೆಸಿಕೊಂಡವರ ಮನೆಯವರು ಪೆಥಾಲಜಿ ಪ್ರಯೋಗಾಲಯದ ಕಿಟಕಿಯ ಬಳಿ ನಿಂತು ಕೇಳುವುದು ಒಂದೇ ಪ್ರಶ್ನೆ: ‘ಕ್ಯಾನ್ಸರ್ ಹೌದೋ ಅಲ್ಲವೋ, ಅಷ್ಟು ಹೇಳಿಬಿಡಿ.’ ಪ್ರಶ್ನೆ ನ್ಯಾಯವಾದದ್ದೇ. ಆದರೆ ದೇಹದ ಇತರ ಅನೇಕ ಗಡ್ಡೆಗಳ ವಿಷಯದಲ್ಲಿ ಬೇಗ ಸಿಗುವ ಉತ್ತರ ಜೊಲ್ಲುಗ್ರಂಥಿಯ ವಿಷಯದಲ್ಲಿ ಕೆಲವೊಮ್ಮೆ ತಡವಾಗುತ್ತದೆ. ಒಮ್ಮೊಮ್ಮೆ ‘ಇರಬಹುದು’, ‘ಹೆಚ್ಚಿನ ಪರೀಕ್ಷೆ ಬೇಕು’ ಎಂಬ ಅರೆಬರೆ ಮಾತುಗಳಲ್ಲಿ ಬರುತ್ತದೆ. ‘ಇವರಿಗೆ ಗೊತ್ತಿಲ್ಲ’ ಎಂದು ಜನ ಬೇಸರಪಡುತ್ತಾರೆ. ಆ ‘ಇರಬಹುದು’ ಎಲ್ಲಿಂದ ಬರುತ್ತದೆ, ಅದನ್ನು ಸ್ಪಷ್ಟ ಮಾಡುವುದರಲ್ಲಿ ರೋಗಿಯ ಪಾಲೆಷ್ಟು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಚಿಕ್ಕದಾದಷ್ಟೂ ಚಿಂತೆ

ನಮಗೆ ಮೂರು ಜೊತೆ ದೊಡ್ಡ ಜೊಲ್ಲುಗ್ರಂಥಿಗಳಿವೆ. ಕಿವಿಯ ಮುಂದೆ ಮತ್ತು ಕೆಳಗೆ ಪೆರೋಟಿಡ್, ದವಡೆಯ ಕೆಳಗೊಂದು, ನಾಲಿಗೆಯ ಕೆಳಗೊಂದು. ಇವಲ್ಲದೆ ತುಟಿ, ಕೆನ್ನೆಯ ಒಳಭಾಗ, ಅಂಗುಳು, ಗಂಟಲಲ್ಲೆಲ್ಲ ಸಾಸಿವೆಯಂಥ ಕಿರುಗ್ರಂಥಿಗಳು ನೂರಾರು ಹರಡಿಕೊಂಡಿವೆ. ಗಡ್ಡೆಗಳಲ್ಲಿ ಬಹುಪಾಲು ಹುಟ್ಟುವುದು ಪೆರೋಟಿಡ್‌ನಲ್ಲಿ. ಸಮಾಧಾನದ ಸಂಗತಿಯೆಂದರೆ ಪೆರೋಟಿಡ್ ಗಡ್ಡೆಗಳಲ್ಲಿ ಸುಮಾರು ಮುಕ್ಕಾಲು ಪಾಲು ನಿರುಪದ್ರವಿಗಳು. ದವಡೆಯ ಕೆಳಗಿನ ಗ್ರಂಥಿಗೆ ಬಂದರೆ ಕ್ಯಾನ್ಸರಿನ ಪಾಲು ಅರ್ಧದ ಹತ್ತಿರಕ್ಕೆ ಏರುತ್ತದೆ. ನಾಲಿಗೆಯ ಕೆಳಗಿನ ಗ್ರಂಥಿಯಲ್ಲಿ ಗಡ್ಡೆ ಬರುವುದೇ ಅಪರೂಪ, ಬಂದರೆ ಹೆಚ್ಚಿನವು ಕ್ಯಾನ್ಸರ್. ಗ್ರಂಥಿ ಚಿಕ್ಕದಾದಷ್ಟೂ ಚಿಂತೆ ದೊಡ್ಡದು ಎಂಬ ಈ ಲೆಕ್ಕವನ್ನು ವೈದ್ಯ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡಿರುತ್ತಾರೆ.

ಎಲೆಅಡಿಕೆ, ತಂಬಾಕು, ಗುಟ್ಕಾ ಅಗಿಯುವವರಿಗೆ ಬರುವ ಬಾಯಿಯ ಕ್ಯಾನ್ಸರೇ ಬೇರೆ, ಇದೇ ಬೇರೆ. ಅದು ಹುಟ್ಟುವುದು ಬಾಯಿಯ ಒಳಚರ್ಮದಲ್ಲಿ. ನಮ್ಮಲ್ಲಿ ಅದು ದಿನನಿತ್ಯದ ಕಾಯಿಲೆ. ಜೊಲ್ಲುಗ್ರಂಥಿಯ ಕ್ಯಾನ್ಸರ್ ಅಷ್ಟು ಸಾಮಾನ್ಯವಲ್ಲ. ಜಿಲ್ಲಾಕೇಂದ್ರದ ಒಂದು ಪ್ರಯೋಗಾಲಯಕ್ಕೆ ವರ್ಷವಿಡೀ ಬರುವುದು ಕೆಲವೇ ಕೆಲವು. ಹೀಗೆ ಬರುವ ಕೆಲವೇ ಗಡ್ಡೆಗಳಲ್ಲಿ ಎಷ್ಟು ಬಗೆ! ವಿಶ್ವ ಆರೋಗ್ಯ ಸಂಸ್ಥೆ 1972ರಲ್ಲಿ ಜೊಲ್ಲುಗ್ರಂಥಿ ಗಡ್ಡೆಗಳ ಮೊದಲ ವರ್ಗೀಕರಣವನ್ನು ಪ್ರಕಟಿಸಿತು. ಆಮೇಲೆ 1991, 2005, 2017ರಲ್ಲಿ ಅದನ್ನು ತಿದ್ದಲಾಯಿತು, 2022ರ ನಂತರ ಮತ್ತೊಂದು ಆವೃತ್ತಿ ಬಂತು. ಪ್ರತಿ ಸಲವೂ ಕೆಲವು ಹೆಸರುಗಳು ಹೋಗಿವೆ, ಕೆಲವು ಸೇರಿವೆ. ಇಂದು ಆ ಪಟ್ಟಿಯಲ್ಲಿ 20ಕ್ಕೂ ಹೆಚ್ಚು ಬಗೆಯ ಕ್ಯಾನ್ಸರುಗಳಿವೆ, ಹತ್ತಕ್ಕೂ ಹೆಚ್ಚು ಬಗೆಯ ನಿರುಪದ್ರವಿ ಗಡ್ಡೆಗಳಿವೆ. ಒಬ್ಬ ಪೆಥಾಲಜಿಸ್ಟ್ ತನ್ನ ಇಡೀ ವೃತ್ತಿಜೀವನದಲ್ಲಿ ಇವುಗಳಲ್ಲಿ ಕೆಲವನ್ನು ಒಂದೆರಡು ಸಲ ಮಾತ್ರ ಕಾಣಬಹುದು, ಕೆಲವನ್ನು ಕಾಣದೆಯೂ ಇರಬಹುದು.

ಒಂದೇ ಹಿಟ್ಟು, ಹಲವು ತಿಂಡಿ

ಬಗೆಗಳು ಹೆಚ್ಚು ಎಂಬುದಷ್ಟೇ ಕಷ್ಟವಲ್ಲ. ಅವು ಒಂದನ್ನೊಂದು ಹೋಲುತ್ತವೆ. ಇದಕ್ಕೆ ಕಾರಣ ಗ್ರಂಥಿಯ ರಚನೆಯಲ್ಲೇ ಇದೆ. ಜೊಲ್ಲು ಹರಿಯುವ ಸಣ್ಣ ನಾಳಗಳ ಒಳಸಾಲಿನಲ್ಲಿ ಒಂದು ಬಗೆಯ ಜೀವಕೋಶಗಳಿವೆ. ಅವುಗಳ ಸುತ್ತ ಇನ್ನೊಂದು ಬಗೆಯವು ಬೆರಳು ಚಾಚಿ ಅಪ್ಪಿಕೊಂಡಿರುತ್ತವೆ. ಹಾಲು ಕರೆಯುವ ಕೈ ಕೆಚ್ಚಲನ್ನು ಹಿಂಡುವಂತೆ ಈ ಹೊರಗಿನ ಕೋಶಗಳು ಗ್ರಂಥಿಯನ್ನು ಹಿಂಡಿ ಜೊಲ್ಲನ್ನು ಹೊರಕ್ಕೆ ದೂಡುತ್ತವೆ. ಇವುಗಳಿಗೆ ಮಯೋಎಪಿಥೀಲಿಯಲ್ ಕೋಶಗಳೆಂದು ಹೆಸರು. ಗಡ್ಡೆಯಲ್ಲಿ ಇವು ನಾನಾ ವೇಷ ಹಾಕುತ್ತವೆ. ಒಂದೆಡೆ ಉದ್ದನೆಯ ನಾರಿನಂತೆ, ಒಂದೆಡೆ ದುಂಡಗೆ, ಇನ್ನೊಂದೆಡೆ ತಿಳಿನೀರಿನ ಗುಳ್ಳೆಯಂತೆ. ಲೋಳೆಯಂಥ ವಸ್ತುವನ್ನೂ, ಮೃದ್ವಸ್ಥಿಯನ್ನು ಹೋಲುವ ವಸ್ತುವನ್ನೂ ಸ್ರವಿಸಬಲ್ಲವು.

ಅಕ್ಕಿ, ಉದ್ದು ಎರಡನ್ನೇ ರುಬ್ಬಿ ನಮ್ಮ ಹೆಣ್ಣುಮಕ್ಕಳು ಇಡ್ಲಿ, ದೋಸೆ, ಪಡ್ಡು ಎಲ್ಲವನ್ನೂ ಮಾಡುವುದಿಲ್ಲವೇ? ಹಾಗೆ ಈ ಎರಡು ಬಗೆಯ ಕೋಶಗಳು ಬೇರೆಬೇರೆ ಪ್ರಮಾಣದಲ್ಲಿ, ಬೇರೆಬೇರೆ ಜೋಡಣೆಯಲ್ಲಿ ಸೇರಿ ಹತ್ತಾರು ಬಗೆಯ ಗಡ್ಡೆಗಳಾಗುತ್ತವೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ನಿರುಪದ್ರವಿಯಾದ ‘ಪ್ಲಿಯೊಮಾರ್ಫಿಕ್ ಅಡಿನೋಮ’, ಹಳಬರು ಕರೆಯುತ್ತಿದ್ದಂತೆ ‘ಮಿಶ್ರಗಡ್ಡೆ’. ಅದರೊಳಗೆ ಒಂದು ಮೂಲೆಯಲ್ಲಿ ಕಾಣುವ ಚಿತ್ರ ಯಾವುದೋ ಕ್ಯಾನ್ಸರಿನಂತಿರಬಹುದು. ಯಾವುದೋ ಕ್ಯಾನ್ಸರಿನ ಒಂದು ಮೂಲೆ ಮಿಶ್ರಗಡ್ಡೆಯಂತಿರಬಹುದು.

ನಮ್ಮಲ್ಲಿ ಮೊದಲು ಮಾಡುವುದು ಸಾಮಾನ್ಯವಾಗಿ ಸೂಜಿ ಪರೀಕ್ಷೆ, ಎಫ್‌ಎನ್‌ಎಸಿ. ಸಣ್ಣ ಸೂಜಿ ಚುಚ್ಚಿ ನಾಲ್ಕು ಹನಿ ಕೋಶಗಳನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ನೋಡುವುದು. ಖರ್ಚು ಕಡಿಮೆ, ನೋವು ಕಡಿಮೆ, ಬಹಳಷ್ಟು ಸಲ ಉತ್ತರವೂ ಸರಿಯಾಗಿ ಸಿಗುತ್ತದೆ. ಆದರೆ ಅದು ಒಂದು ಸೌಟು ಹಿಟ್ಟನ್ನು ನೋಡಿದಂತೆ. ಹಿಟ್ಟು ಅಕ್ಕಿ ಉದ್ದಿನದು ಎಂದು ಹೇಳಬಹುದು, ಒಲೆಯ ಮೇಲೆ ಇಡ್ಲಿ ಇದೆಯೋ ದೋಸೆ ಇದೆಯೋ ಹೇಳುವುದು ಹೇಗೆ? ಇದನ್ನರಿತೇ ವಿವಿಧ ದೇಶಗಳ ತಜ್ಞರು ಕೂಡಿ 2018ರಲ್ಲಿ ‘ಮಿಲಾನ್ ಪದ್ಧತಿ’ ಎಂಬ ವರದಿಯ ಕ್ರಮವನ್ನು ಹೊರತಂದರು. ಅದರಲ್ಲಿ ‘ಇದು ಗಡ್ಡೆ ಹೌದು, ಆದರೆ ಸೌಮ್ಯವೋ ಮಾರಕವೋ ಸೂಜಿಯಿಂದ ಹೇಳಲಾಗದು’ ಎಂಬುದಕ್ಕೇ ಒಂದು ಪ್ರತ್ಯೇಕ ವರ್ಗವಿದೆ. ಹೇಳಲಾಗದ್ದನ್ನು ಹೇಳಲಾಗದು ಎನ್ನುವುದೂ ಶಾಸ್ತ್ರಸಮ್ಮತ ಉತ್ತರವೇ ಎಂದು ಒಪ್ಪಿಕೊಂಡಂತಾಯಿತು.

ಹಾಗಾದರೆ ತುಂಡು ತೆಗೆದು ಬಯಾಪ್ಸಿ ಮಾಡಿದರೆ ಗೊತ್ತಾಗುವುದಿಲ್ಲವೇ ಎಂದು ನೀವು ಕೇಳಬಹುದು. ಅನೇಕ ವೇಳೆ ಗೊತ್ತಾಗುತ್ತದೆ. ಆದರೆ ಈ ಗಡ್ಡೆಗಳಲ್ಲಿ ಕೆಲವು ಜೋಡಿಗಳಿವೆ, ಒಂದು ಸೌಮ್ಯ, ಇನ್ನೊಂದು ಮಾರಕ, ಕೋಶಗಳ ಮುಖಚರ್ಯೆ ಎರಡರಲ್ಲೂ ಒಂದೇ. ವ್ಯತ್ಯಾಸವಿರುವುದು ಬೇಲಿಯಲ್ಲಿ. ಸೌಮ್ಯವಾದದ್ದು ತನ್ನ ಎಲ್ಲೆಯೊಳಗೆ ಇರುತ್ತದೆ. ಮಾರಕವಾದದ್ದು ಬೇಲಿ ಮುರಿದು ಪಕ್ಕದ ಹೊಲಕ್ಕೆ ನುಗ್ಗಿರುತ್ತದೆ. ಹೊಲದ ನಡುವಿನ ಒಂದು ಹಿಡಿ ಮಣ್ಣನ್ನು ತಂದುಕೊಟ್ಟು ಬೇಲಿ ಮುರಿದಿದೆಯೇ ಎಂದು ಕೇಳಿದರೆ ಏನು ಹೇಳುವುದು? ಇಡೀ ಗಡ್ಡೆ ಬರಬೇಕು, ಅದರ ಅಂಚುಗಳನ್ನೆಲ್ಲ ಹುಡುಕಿ ನೋಡಬೇಕು.

ಕಳ್ಳನಂತೆ ಕಾಣುವ ಸಭ್ಯ

ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮೂರು ಉದಾಹರಣೆ ಕೊಡುತ್ತೇನೆ.

ಅಂಗುಳಿನ ಮೇಲೆ ಇದ್ದಕ್ಕಿದ್ದಂತೆ ಒಂದು ಹುಣ್ಣು ಏಳುತ್ತದೆ. ಆಳವಾದ ಹುಣ್ಣು, ನೋಡಿದರೆ ಎದೆ ಝಲ್ಲೆನ್ನುತ್ತದೆ. ತಂಬಾಕಿನ ಅಭ್ಯಾಸವೂ ಇದ್ದರೆ ಮನೆಯವರು, ವೈದ್ಯರು ಎಲ್ಲರ ಮನಸ್ಸಿಗೂ ಮೊದಲು ಬರುವುದು ಕ್ಯಾನ್ಸರ್. ತುಂಡು ತೆಗೆದು ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಅಲ್ಲೂ ಚರ್ಮದ ಕೋಶಗಳನ್ನು ಹೋಲುವ ದ್ವೀಪಗಳು ಆಳದಲ್ಲಿ ಕಾಣುತ್ತವೆ. ಕ್ಯಾನ್ಸರ್ ಎಂದು ಬರೆದುಬಿಡುವುದು ಬಹಳ ಸುಲಭ. ಆದರೆ 1973ರಲ್ಲಿ ಅಮೆರಿಕದ ಏಬ್ರಮ್ಸ್, ಮೆಲ್‌ರೋಸ್, ಹೊವೆಲ್ ಎಂಬ ಮೂವರು ಇದು ಕ್ಯಾನ್ಸರ್ ಅಲ್ಲವೇ ಅಲ್ಲ ಎಂದು ತೋರಿಸಿ ‘ನೆಕ್ರೊಟೈಸಿಂಗ್ ಸಯಲೊಮೆಟಪ್ಲೇಸಿಯ’ ಎಂಬ ಉದ್ದನೆಯ ಹೆಸರಿಟ್ಟರು. ಕಿರುಗ್ರಂಥಿಗೆ ರಕ್ತದ ಸರಬರಾಜು ನಿಂತು ಅದು ಸತ್ತಿರುತ್ತದೆ. ಪೆಟ್ಟೋ, ಹಲ್ಲಿನ ವೈದ್ಯರು ಕೊಟ್ಟ ಇಂಜೆಕ್ಷನ್ನೋ ಕಾರಣವಾಗಿರಬಹುದು. ಉಳಿದ ನಾಳಗಳು ಗಾಯ ಮುಚ್ಚುವ ಭರದಲ್ಲಿ ಚರ್ಮದ ಕೋಶಗಳ ರೂಪ ತಾಳಿರುತ್ತವೆ. ಔಷಧವಿಲ್ಲದೆ ಸಾಮಾನ್ಯವಾಗಿ ಎರಡು ಎರಡೂವರೆ ತಿಂಗಳೊಳಗೆ ಹುಣ್ಣು ತಾನೇ ಮಾಯುತ್ತದೆ.

ಇದನ್ನು ಗುರುತಿಸುವುದು ಹೇಗೆ? ನೀರಿಲ್ಲದೆ ಒಣಗಿದ ಅಡಿಕೆ ತೋಟವನ್ನು ನೆನೆಯಿರಿ. ಮರಗಳು ಸತ್ತಿದ್ದರೂ ಸಾಲುಗಳು ಹಾಗೇ ಇರುತ್ತವೆ. ಈ ಕಾಯಿಲೆಯಲ್ಲೂ ಗ್ರಂಥಿಯ ಹಳೆಯ ವಿಂಗಡಣೆ ಹಾಗೇ ಉಳಿದಿರುತ್ತದೆ. ಕ್ಯಾನ್ಸರಾದರೆ ಸಾಲು ಗೀಲು ನೋಡದೆ ಕಳೆಯಂತೆ ಹಬ್ಬುತ್ತದೆ. ಕಳಿಸಿದ ತುಂಡು ಕಾಳಿನಷ್ಟಿದ್ದರೆ ಸಾಲು ಕಾಣುವುದೇ ಇಲ್ಲ. ‘ಹುಣ್ಣು ಎದ್ದು ಹತ್ತು ದಿನವಾಯಿತು, ಅದಕ್ಕೆ ಮುಂಚೆ ಹಲ್ಲು ಕೀಳಿಸಿದ್ದರು’ ಎಂಬ ಒಂದು ಸಾಲಿನ ಮಾಹಿತಿ ಇಲ್ಲಿ ಅಂಗುಳನ್ನೇ ಉಳಿಸಬಹುದು. ಅದಿಲ್ಲದೆ ತಪ್ಪು ಹೆಸರು ಬಿದ್ದರೆ ತಾನೇ ಮಾಯುವ ಹುಣ್ಣಿಗಾಗಿ ಮೇಲ್ದವಡೆಯ ಭಾಗವನ್ನು ಕಳೆದುಕೊಳ್ಳಬೇಕಾದೀತು.

ಸಭ್ಯನಂತೆ ಕಾಣುವ ಕಳ್ಳ

ಎರಡನೆಯದು ಇದಕ್ಕೆ ತದ್ವಿರುದ್ಧ. ‘ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ’ ಎಂಬ ಕ್ಯಾನ್ಸರಿನ ಕೋಶಗಳು ಚಿಕ್ಕವು, ಒಂದೇ ಸಮನಾದವು, ರೌದ್ರಾಕಾರವೇನೂ ಇಲ್ಲ. ಜರಡಿಯಂತೆ ತೂತುತೂತಾದ ಅಚ್ಚುಕಟ್ಟಾದ ಗುಂಪುಗಳು. 19ನೇ ಶತಮಾನದ ಮಧ್ಯದಲ್ಲಿ ಪ್ರಖ್ಯಾತ ಶಸ್ತ್ರವೈದ್ಯ ಥಿಯೊಡೋರ್ ಬಿಲ್‌ರಾತ್ ಇದನ್ನು ‘ಸಿಲಿಂಡ್ರೋಮ’ ಎಂದು ಕರೆದ. 20ನೇ ಶತಮಾನದ ಮೊದಲ ಭಾಗದಲ್ಲೂ ಇದು ಮಿಶ್ರಗಡ್ಡೆಯ ಒಂದು ಬಗೆಯೆಂದೇ ಅನೇಕರು ತಿಳಿದಿದ್ದರು. ಇದರ ಕೆಟ್ಟ ಬುದ್ಧಿ ನರಗಳ ಗುಂಟ ತೆವಳುವುದು. ಕಣ್ಣಿಗೆ ಕಾಣುವ ಗಡ್ಡೆಯ ಆಚೆಗೂ ನರವನ್ನು ಹಿಡಿದು ಸಾಗಿರುತ್ತದೆ. ಅದಕ್ಕೇ ಕೆಲವರಿಗೆ ಮುಖ ಜೋಮು ಹಿಡಿದಂತಾಗುವುದು, ನೋವು ಬರುವುದು. ಬೆಳವಣಿಗೆ ನಿಧಾನ. ಐದು ವರ್ಷ ಕಳೆಯಿತು, ಗೆದ್ದೆವು ಎಂದುಕೊಂಡವರಲ್ಲಿ ಹತ್ತು ಹದಿನೈದು ವರ್ಷಗಳ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು.

ಸೂಜಿ ಪರೀಕ್ಷೆಯಲ್ಲಿ ಇದು ನಿರುಪದ್ರವಿ ಗಡ್ಡೆಯೆಂದು ಕಂಡುಬಿಟ್ಟರೆ ಶಸ್ತ್ರವೈದ್ಯರು ಅಷ್ಟನ್ನೇ ತೆಗೆದು ಬಿಡುತ್ತಾರೆ. ನರದ ಗುಂಟ ಹೋದದ್ದು ಅಲ್ಲೇ ಉಳಿಯುತ್ತದೆ. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಈ ಕ್ಯಾನ್ಸರಿನಲ್ಲಿ ‘ಎಂವೈಬಿ’ ಮತ್ತು ‘ಎನ್‌ಎಫ್‌ಐಬಿ’ ಎಂಬ ಎರಡು ಜೀನುಗಳು ತುಂಡಾಗಿ ಒಂದಕ್ಕೊಂದು ಅಂಟಿಕೊಂಡಿರುವುದನ್ನು ತೋರಿಸಿದರು. ಎಲ್ಲ ರೋಗಿಗಳಲ್ಲೂ ಇದು ಸಿಗುವುದಿಲ್ಲ. ಸಿಕ್ಕಾಗ ಅನುಮಾನ ಬಹಳಮಟ್ಟಿಗೆ ಪರಿಹಾರವಾಗುತ್ತದೆ.

ಹೆಸರು ಬದಲಾಯಿತು, ಔಷಧ ಸಿಕ್ಕಿತು

ಮೂರನೆಯದು ಹೊಸ ಕಾಲದ್ದು. ಝೆಕ್ ದೇಶದ ಪಿಲ್ಸೆನ್ ನಗರದ ಪೆಥಾಲಜಿಸ್ಟ್ ಅಲೆನಾ ಸ್ಕಾಲೋವಾ ಮತ್ತು ಸಂಗಡಿಗರು 2010ರಲ್ಲಿ 16 ಗಡ್ಡೆಗಳ ವಿವರ ಪ್ರಕಟಿಸಿದರು. ಅಲ್ಲಿಯವರೆಗೆ ಇಂಥವನ್ನು ಹೆಚ್ಚಾಗಿ ‘ಎಸಿನಿಕ್ ಸೆಲ್ ಕಾರ್ಸಿನೋಮ’ ಎಂಬ ಹಳೆಯ ಹೆಸರಿನಡಿ ಸೇರಿಸುತ್ತಿದ್ದರು. ಸ್ಕಾಲೋವಾ ಅವರ ಕಣ್ಣಿಗೆ ಇವು ಬೇರೆಯೆಂದು ಕಂಡವು. ಸ್ತನದಲ್ಲಿ ಬರುವ ‘ಸೆಕ್ರಿಟರಿ ಕಾರ್ಸಿನೋಮ’ ಎಂಬ ಅಪರೂಪದ ಕ್ಯಾನ್ಸರನ್ನೇ ಇವು ಹೋಲುತ್ತಿದ್ದವು. ಆ ಸ್ತನ ಕ್ಯಾನ್ಸರಿನಲ್ಲಿ 12ನೇ ಮತ್ತು 15ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ‘ಇಟಿವಿ6’, ‘ಎನ್‌ಟಿಆರ್‌ಕೆ3’ ಎಂಬ ಜೀನುಗಳು ಬೆಸೆದುಕೊಂಡಿರುತ್ತವೆ. ಹುಡುಕಿದಾಗ ಜೊಲ್ಲುಗ್ರಂಥಿಯ ಈ ಗಡ್ಡೆಗಳಲ್ಲೂ ಅದೇ ಬೆಸುಗೆ ಸಿಕ್ಕಿತು. ಪ್ರಪಂಚದ ಎಲ್ಲೆಡೆ ಪೆಥಾಲಜಿಸ್ಟರು ತಮ್ಮ ಉಗ್ರಾಣದಲ್ಲಿದ್ದ ಹಳೆಯ ಮೇಣದ ಬ್ಲಾಕುಗಳನ್ನು ತೆಗೆದು ಮತ್ತೆ ನೋಡಿದರು. ಹಿಂದೆ ಬೇರೆ ಹೆಸರು ಹೊತ್ತಿದ್ದ ಎಷ್ಟೋ ಗಡ್ಡೆಗಳು ಇದೇ ಎಂದು ತಿಳಿಯಿತು.

ಹೆಸರು ಬದಲಾದರೇನು, ರೋಗ ಅದೇ ತಾನೇ ಎನ್ನಬಹುದು. ಇದರಲ್ಲಿ ಬಹುಪಾಲು ಗಡ್ಡೆಗಳು ಶಸ್ತ್ರಕ್ರಿಯೆಯಿಂದಲೇ ಗುಣವಾಗುತ್ತವೆ ನಿಜ. ಹರಡಿಕೊಂಡ ಕೆಲವರಿಗೆ ಮೊದಲು ಹೇಳಿಕೊಳ್ಳುವಂಥ ಔಷಧವಿರಲಿಲ್ಲ. 2018ರಲ್ಲಿ ಇಂಥ ಜೀನ್ ಬೆಸುಗೆಯನ್ನೇ ಗುರಿಯಾಗಿಟ್ಟ ಲಾರೊಟ್ರೆಕ್ಟಿನಿಬ್ ಎಂಬ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಬೆಲೆ ಬಡವರ ಕೈಗೆಟಕುವಂಥದ್ದಲ್ಲ, ಆ ಮಾತು ಬೇರೆ. ಆದರೆ ಆ ಔಷಧದ ಬಾಗಿಲು ತೆರೆಯುವ ಬೀಗದ ಕೈ ಪೆಥಾಲಜಿ ವರದಿಯ ಒಂದು ಹೆಸರು. ಹಳೆಯ ಹೆಸರಿನಲ್ಲೇ ಉಳಿದವರಿಗೆ ಅಂಥ ಬಾಗಿಲೊಂದಿದೆ ಎಂಬುದೂ ತಿಳಿಯುವುದಿಲ್ಲ.

ಖಾಲಿ ಚೀಟಿ, ಇಕ್ಕಟ್ಟಿನ ಬಾಟಲಿ

ಇಷ್ಟೆಲ್ಲ ಸೂಕ್ಷ್ಮ ಕೆಲಸ ಶುರುವಾಗುವುದು ಬಹಳ ಸಾಧಾರಣವಾದ ಎರಡು ವಸ್ತುಗಳಿಂದ. ಒಂದು ಚೀಟಿ, ಒಂದು ಬಾಟಲಿ.

ಚೀಟಿಯಲ್ಲಿ ಎಷ್ಟೋ ಸಲ ಇರುವುದು ‘ಕುತ್ತಿಗೆಯ ಗಡ್ಡೆ’ ಎಂಬ ಎರಡೇ ಪದ. ಎಡವೋ ಬಲವೋ, ಎಷ್ಟು ವರ್ಷದ್ದು, ಈಚೆಗೆ ಬೇಗ ಬೆಳೆಯಿತೇ, ಮುಖ ಸೊಟ್ಟಗಾಗಿದೆಯೇ, ಮೊದಲೊಮ್ಮೆ ಇದೇ ಜಾಗದಲ್ಲಿ ಕೊಯ್ದಿದ್ದರೇ, ಒಂದೂ ಇಲ್ಲ. ಇವು ಸುಮ್ಮನೆ ಕೇಳುವ ಪ್ರಶ್ನೆಗಳಲ್ಲ. ಹತ್ತಿಪ್ಪತ್ತು ವರ್ಷ ಸುಮ್ಮನಿದ್ದ ಮಿಶ್ರಗಡ್ಡೆ ಹಠಾತ್ತನೆ ಬೆಳೆಯತೊಡಗಿದರೆ ಅದರೊಳಗೆ ಕ್ಯಾನ್ಸರ್ ಹುಟ್ಟಿರುವ ಸಂದೇಹವಿದೆ. ಹಾಗೆಂದು ತಿಳಿದರೆ ಹತ್ತು ಕಡೆ ಬದಲು ಮೂವತ್ತು ಕಡೆ ತುಂಡು ತೆಗೆದು ಹುಡುಕುತ್ತೇವೆ. ಮೂತ್ರಪಿಂಡದ ಕ್ಯಾನ್ಸರ್ ಎಷ್ಟೋ ವರ್ಷಗಳ ಮೇಲೆ ಪೆರೋಟಿಡ್‌ಗೆ ಹರಡಿ, ಅಲ್ಲೇ ಹುಟ್ಟಿದ ತಿಳಿಕೋಶಗಳ ಗಡ್ಡೆಯಂತೆ ನಟಿಸಬಲ್ಲದು. ‘ಇವರಿಗೆ ಒಂದು ಮೂತ್ರಪಿಂಡ ತೆಗೆದಿದೆ’ ಎಂಬ ಮಾತು ಚೀಟಿಯಲ್ಲಿದ್ದರೆ ದಾರಿ ಅರ್ಧ ಸವೆದಂತೆ.

ಇನ್ನು ಬಾಟಲಿ. ದೇಹದಿಂದ ಹೊರಬಂದ ಗಡ್ಡೆ ಆ ಕ್ಷಣದಿಂದಲೇ ಕೊಳೆಯತೊಡಗುತ್ತದೆ. ಅದನ್ನು ತಡೆಯುವುದು ಫಾರ್ಮಲಿನ್. ಗಡ್ಡೆಯ ಹತ್ತು ಪಟ್ಟು ಫಾರ್ಮಲಿನ್ ಇರಬೇಕು, ಬಾಟಲಿಯ ಬಾಯಿ ಅಗಲವಿರಬೇಕು. ನೀರಿನಲ್ಲೋ ಸಲೈನಿನಲ್ಲೋ ಹಾಕಿ, ರಾತ್ರಿ ಬಸ್ಸಿನಲ್ಲಿ ಸಂಬಂಧಿಕರ ಕೈಯಲ್ಲಿ ಕಳಿಸಿದ ಗಡ್ಡೆಯ ಕೋಶಗಳು ಬೆಳಗಾಗುವುದರಲ್ಲಿ ಕರಗಿಹೋಗಿರುತ್ತವೆ. ಆಮೇಲೆ ಎಂಥ ಪಂಡಿತನ ಕೈಗೆ ಕೊಟ್ಟರೂ ಪ್ರಯೋಜನವಿಲ್ಲ. ಸರಿಯಾಗಿ ಬಂದ ಗಡ್ಡೆಯನ್ನು ಮೇಣದಲ್ಲಿ ಕೂರಿಸಿ, ಮಿಲಿಮೀಟರಿನ ಇನ್ನೂರರಲ್ಲಿ ಒಂದು ಭಾಗದಷ್ಟು ತೆಳುವಾಗಿ ಕೊಯ್ದು, ನೀಲಿ ಗುಲಾಬಿ ಬಣ್ಣ ಹಾಕಿ ನೋಡುತ್ತೇವೆ. ಅನುಮಾನ ಉಳಿದರೆ ಯಾವ ಕೋಶ ಯಾವ ಜಾತಿಯದೆಂದು ತೋರಿಸುವ ವಿಶೇಷ ಬಣ್ಣಗಳುಂಟು. ಅದಕ್ಕೂ ಬಗ್ಗದಿದ್ದರೆ ಜೀನ್ ಪರೀಕ್ಷೆ. ಮೆಟ್ಟಿಲು ಏರಿದಂತೆ ಖರ್ಚೂ ಏರುತ್ತದೆ, ದಿನಗಳೂ ಹೆಚ್ಚಾಗುತ್ತವೆ. ಎಲ್ಲರಿಗೂ ಕೊನೆಯ ಮೆಟ್ಟಿಲು ಬೇಕಾಗುವುದಿಲ್ಲ. ಮೊದಲ ಮೆಟ್ಟಿಲು ಗಟ್ಟಿಯಾಗಿದ್ದರೆ ಬಹುಮಂದಿಗೆ ಅಲ್ಲೇ ಉತ್ತರ ಸಿಗುತ್ತದೆ.

ನೀವು ಮಾಡಬೇಕಾದದ್ದು

ಕಿವಿಯ ಬಳಿಯ ಅಥವಾ ದವಡೆಯ ಕೆಳಗಿನ ಗಡ್ಡೆ ಎರಡು ಮೂರು ವಾರಗಳಲ್ಲಿ ಇಳಿಯದಿದ್ದರೆ ನೋವಿಲ್ಲವೆಂದು ಸುಮ್ಮನಿರಬೇಡಿ. ಪಟ್ಟು ಹಾಕಿ, ಉಜ್ಜಿ, ಸುಟ್ಟು ಕರಗಿಸಲು ಹೋಗಬೇಡಿ. ಗಡ್ಡೆಯ ಜೊತೆಗೆ ಮುಖದ ಒಂದು ಪಕ್ಕ ಸೊಟ್ಟಗಾದರೆ, ಜೋಮು ಹಿಡಿದರೆ ತಡಮಾಡಲೇಬೇಡಿ.

‘ಸಣ್ಣ ಗಂಟು, ಇಲ್ಲೇ ಮರಗಟ್ಟಿಸಿ ತೆಗೆದುಬಿಡೋಣ’ ಎಂಬ ಮಾತಿಗೆ ಒಪ್ಪುವ ಮುನ್ನ ಯೋಚಿಸಿ. ಮುಖದ ಮಾಂಸಖಂಡಗಳನ್ನು ಆಡಿಸುವ ನರ ಪೆರೋಟಿಡ್ ಗ್ರಂಥಿಯೊಳಗೇ ಹಾದುಹೋಗಿ ಐದು ಕವಲಾಗುತ್ತದೆ. ಅದಕ್ಕೆ ಪೆಟ್ಟಾದರೆ ಕಣ್ಣು ಮುಚ್ಚದು, ಕುಡಿದ ನೀರು ಕಟವಾಯಿಯಿಂದ ಸೋರುತ್ತದೆ. ಸೌಮ್ಯ ಗಡ್ಡೆಯನ್ನೇ ಆದರೂ ಹೊದಿಕೆ ಒಡೆದು ಬಗೆದು ತೆಗೆದರೆ ಅದರ ಕಣಗಳು ಚೆಲ್ಲಿ, ವರ್ಷಗಳ ಮೇಲೆ ಒಂದರ ಬದಲು ಹತ್ತು ಗಂಟುಗಳಾಗಿ ಮರಳಿ ಬರಬಹುದು. ಸುತ್ತಲಿನ ಗ್ರಂಥಿಯ ಭಾಗದೊಂದಿಗೆ, ನರವನ್ನು ಕಾಪಾಡಿ, ಇಡಿಯಾಗಿ ತೆಗೆಯಬಲ್ಲವರ ಬಳಿಗೇ ಹೋಗಬೇಕು.

ಪೆಥಾಲಜಿಗೆ ಕಳಿಸುವ ಚೀಟಿಯಲ್ಲಿ ನಿಮ್ಮ ಹಳೆಯ ಕಾಯಿಲೆ, ಹಳೆಯ ಆಪರೇಷನ್ನುಗಳನ್ನು ಬರೆಯಿರೆಂದು ವೈದ್ಯರನ್ನು ಕೇಳಿ. ಹಳೆಯ ವರದಿಗಳಿದ್ದರೆ ಒಂದು ಪ್ರತಿ ಜೊತೆಗಿಡಿ. ಎರಡನೇ ಅಭಿಪ್ರಾಯ ಬೇಕೆಂದರೆ ವರದಿಯ ಕಾಗದವನ್ನು ಮಾತ್ರ ಒಯ್ಯಬೇಡಿ, ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಕೇಳಿ ಪಡೆಯಿರಿ. ಬೆಂಗಳೂರಿನ ಕಿದ್ವಾಯಿ, ಮುಂಬಯಿಯ ಟಾಟಾ ಸ್ಮಾರಕದಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಹೊರಗಿನಿಂದ ತಂದ ಸ್ಲೈಡುಗಳನ್ನು ಮತ್ತೆ ಪರಿಶೀಲಿಸುವ ಪದ್ಧತಿಯಿದೆ. ಇದರಿಂದ ಮೊದಲು ನೋಡಿದವರಿಗೆ ಅವಮಾನವೇನೂ ಇಲ್ಲ. ಅಪರೂಪದ ಗಡ್ಡೆಯನ್ನು ಇನ್ನೊಬ್ಬರಿಗೆ ತೋರಿಸುವುದು ಈ ವೃತ್ತಿಯ ದಿನನಿತ್ಯದ ರೂಢಿ. ಬ್ಲಾಕು ಜೋಪಾನವಾಗಿದ್ದರೆ ದಶಕಗಳ ಮೇಲೂ ಅದರಿಂದ ಹೊಸ ಪರೀಕ್ಷೆ ಮಾಡಲು ಸಾಧ್ಯ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟು ಮೇಣ ಕರಗಿಸಬೇಡಿ, ಅಷ್ಟೇ.

ಕೊನೆಗೊಂದು ಮಾತು. ಪೆಥಾಲಜಿ ವರದಿ ತಕ್ಕಡಿಯಲ್ಲಿ ತೂಗಿ ಹೇಳುವ ಲೆಕ್ಕವಲ್ಲ. ಕಂಡದ್ದನ್ನು, ತಿಳಿಸಿದ್ದನ್ನು ಕೂಡಿಸಿ ಒಬ್ಬ ಮನುಷ್ಯ ಬರೆದ ಅಭಿಪ್ರಾಯ. ಅದರಲ್ಲಿ ‘ಖಚಿತವಾಗಿ ಹೇಳಲು ಇಡೀ ಗಡ್ಡೆ ಬೇಕು’ ಎಂದೋ ‘ತಜ್ಞರ ಅಭಿಪ್ರಾಯ ಪಡೆಯಬೇಕು’ ಎಂದೋ ಬರೆದಿದ್ದರೆ ಬೇಸರಿಸಬೇಡಿ. ಅನುಮಾನ ಬಂದಾಗ ನಿಲ್ಲಬಲ್ಲ ವೈದ್ಯರ ಕೈಯಲ್ಲಿ ನಿಮ್ಮ ಗಡ್ಡೆ ಇದೆ ಎಂದು ತಿಳಿಯಿರಿ. ಅವರು ಕೇಳಿದ ಒಂದು ವಾರವನ್ನು ಕೊಡಿ. ವರ್ಷಗಟ್ಟಲೆ ಕೆನ್ನೆಯಲ್ಲಿ ಹೊತ್ತು ತಿರುಗಿದ ಗಡ್ಡೆಗೆ ಸರಿಯಾದ ಹೆಸರು ಸಿಗಲು ಒಂದು ವಾರ ಹೆಚ್ಚೇನಲ್ಲ.